ಹರ್ಪಿಸ್ ‘ಕನ್ಫರ್ಮೇಟರಿ ಟೆಸ್ಟ್’ ಅಂತ ಹೇಳಿ ಅದೇ ಟೆಸ್ಟ್ ಎರಡನೇ ಸಲ ಮಾಡಿದರು, ದಯವಿಟ್ಟು ಓದಿ

ಬರೆಯಲೋ ಬೇಡವೋ ಅಂತ ಎರಡು ವಾರ ಒದ್ದಾಡಿದೆ. ನಾಚಿಕೆ ಆಗುತ್ತದೆ. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಬ್ಬರ ಮನೆಯಲ್ಲೂ ಇದೇ ಆಗುತ್ತದೆ.

ನಾನು ಹರ್ಪಿಸ್ (ಗುಳ್ಳೆ, ಹುಣ್ಣು ತರುವ ವೈರಸ್ ಸೋಂಕು) ಪರೀಕ್ಷೆ ಬೇಕು ಅಂತ ಹೋದವಳಲ್ಲ. ಗುಳ್ಳೆ ಇಲ್ಲ, ಹುಣ್ಣಿಲ್ಲ, ಉರಿ ಇಲ್ಲ, ಏನೂ ಇರಲಿಲ್ಲ. ಸುಮ್ನೆ ಪೂರ್ತಿ ಚೆಕಪ್ ಆಗಲಿ ಅಂತ ಒಂದು ಪ್ಯಾಕೇಜ್ ತೆಗೆದುಕೊಂಡೆ. ಅದರೊಳಗೆ ಇದೂ ಇತ್ತು. ಸಕ್ಕರೆ, ಥೈರಾಯ್ಡ್, ಕೊಲೆಸ್ಟ್ರಾಲ್ ಎಲ್ಲ ಸರಿ. ಕೊನೆಯ ಪುಟದಲ್ಲಿ ಕೆಂಪು ಅಕ್ಷರ: ಎಚ್‌ಎಸ್‌ವಿ-2 ಐಜಿಜಿ, 1.7, ಪಾಸಿಟಿವ್. 1.1 ದಾಟಿದರೆ ಪಾಸಿಟಿವ್ ಅಂತ ಪಕ್ಕದಲ್ಲೇ ಬರೆದಿತ್ತು. ಐಜಿಜಿ ಅಂದರೆ ಒಂದು ಬಗೆಯ ಪ್ರತಿಕಾಯ, ವೈರಸ್ ವಿರುದ್ಧ ನಮ್ಮ ದೇಹ ರಕ್ತದಲ್ಲಿ ತಯಾರಿಸುವ ಪ್ರೋಟೀನ್.

ಎಚ್‌ಎಸ್‌ವಿ-2 ಅಂದರೆ ಲೈಂಗಿಕ ಸಂಪರ್ಕದಿಂದ ಬರುವ ಹರ್ಪಿಸ್. ನನಗೆ ಗಂಡನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಹಾಗಾದರೆ? ಆ ರಾತ್ರಿ ಅವರನ್ನು ನಿದ್ದೆಯಿಂದ ಎಬ್ಬಿಸಿದೆ. ಕೇಳಲಿಲ್ಲ, ಬೈದೆ. "ಯಾರ ಹತ್ರ ಹೋಗಿದ್ರಿ? ಎಷ್ಟು ದಿನದಿಂದ ನಡೀತಿದೆ ಇದು?" ಅವರು ಫೋನ್ ಕೈಯಲ್ಲಿ ಹಿಡಿದು ಆ ರಿಪೋರ್ಟನ್ನೇ ನೋಡುತ್ತಾ ಕೂತರು. ನಾಲ್ಕು ದಿನದಲ್ಲಿ ಅವರೂ ರಕ್ತ ಕೊಟ್ಟು ಬಂದರು. ಅವರದು ನೆಗೆಟಿವ್. ಆಗ ಪ್ರಶ್ನೆ ನನ್ನ ಕಡೆ ತಿರುಗಿತು. ಅವರು ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಜಾಸ್ತಿ ನೋವಾಯಿತು.

ಲ್ಯಾಬ್‌ಗೆ ಫೋನ್ ಮಾಡಿದೆ. ನನಗೆ ಅನುಮಾನ ಇದೆ, ಖಚಿತ ಮಾಡಿಕೊಳ್ಳುವುದು ಹೇಗೆ ಅಂತ ಕೇಳಿದೆ. "ಕನ್ಫರ್ಮೇಟರಿ ಟೆಸ್ಟ್ ಇದೆ ಮೇಡಂ, ಇವತ್ತೇ ಬುಕ್ ಮಾಡಿಕೊಡ್ತೀನಿ. ಜೊತೆಗೆ ಐಜಿಎಂ ಮಾಡ್ಸಿ, ಹೊಸ ಸೋಂಕಾ ಹಳೇದಾ ಗೊತ್ತಾಗುತ್ತೆ" ಅಂದರು. ಐಜಿಎಂ ಅಂದರೆ ಇನ್ನೊಂದು ಬಗೆಯ ಪ್ರತಿಕಾಯ. ಎರಡಕ್ಕೂ ದುಡ್ಡು ಕಟ್ಟಿದೆ. ಮತ್ತೆ ರಕ್ತ ಕೊಟ್ಟೆ. ಕನ್ಫರ್ಮೇಟರಿ ರಿಪೋರ್ಟ್ ಬಂತು, 1.6, ಪಾಸಿಟಿವ್. ಫೋನ್ ಮಾಡಿದರೆ, "ಎರಡು ಸಲ ಬಂದಿದೆಯಲ್ಲ ಮೇಡಂ, ಇನ್ನೇನು ಡೌಟು?"

ನಂಬಿದೆ. ಸುಮಾರು ಒಂದು ತಿಂಗಳು ನಂಬಿದೆ. ಬೇರೆ ಹಾಸಿಗೆಯಲ್ಲಿ ಮಲಗಿದೆ. ನನ್ನ ಟವಲ್ ಬೇರೆ ಇಟ್ಟೆ. ಮಗಳನ್ನು ಮುದ್ದು ಮಾಡಲೂ ಹೆದರಿದೆ.

ಆಮೇಲೆ ಒಂದು ದಿನ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಯಾವ ವಿಧಾನ ಅಂತ ಬರೆದಿರುತ್ತಾರೆ, ಅಲ್ವಾ? ನಾವ್ಯಾರೂ ಅದನ್ನು ಓದುವುದಿಲ್ಲ. ಮೊದಲ ರಿಪೋರ್ಟ್‌ನಲ್ಲಿ ಏನಿತ್ತೋ ಎರಡನೆಯದರಲ್ಲೂ ಅದೇ ಸಾಲು. ಅದೇ ವಿಧಾನ, ಅದೇ ಕಿಟ್. ಒಂದಕ್ಷರವೂ ಬೇರೆ ಇಲ್ಲ. ಕನ್ಫರ್ಮೇಟರಿ ಅಂತ ಹೆಸರು ಕೊಟ್ಟು, ಬೇರೆ ದರ ಹಾಕಿ, ಅದೇ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿದ್ದರು. ಕೈ ನಡುಗಿತು. ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತಿದೆ.

ಮತ್ತೆ ಫೋನ್ ಮಾಡಿದೆ. ಅವರ ಉತ್ತರಗಳು ಇವು. "ಕನ್ಫರ್ಮೇಟರಿ ಅಂದ್ರೆ ಇನ್ನೊಂದು ಸಲ ಮಾಡಿ ಕನ್ಫರ್ಮ್ ಮಾಡೋದೇ ಮೇಡಂ." ಬೇರೆ ವಿಧಾನದಲ್ಲಿ ಅಲ್ಲವಾ ಮಾಡಬೇಕಾದದ್ದು ಅಂದೆ. "ನಮ್ಮಲ್ಲಿ ಇರೋದು ಇದೇ ವಿಧಾನ." ಹಾಗಾದರೆ ಆ ಹೆಸರಿನಲ್ಲಿ ಯಾಕೆ ಮಾರಿದಿರಿ? "ರಿಪೋರ್ಟ್‌ನಲ್ಲಿ ವೈದ್ಯರ ಸಲಹೆ ಪಡೆಯಿರಿ ಅಂತ ಬರೆದಿದೆಯಲ್ಲ ಮೇಡಂ, ಅದು ನಿಮ್ಮ ಜವಾಬ್ದಾರಿ." ದುಡ್ಡು ವಾಪಸ್ ಕೊಡಿ ಅಂದೆ. "ಸ್ಯಾಂಪಲ್ ಪ್ರೊಸೆಸ್ ಆಗಿದೆ, ಆಗಲ್ಲ." ಕೊನೆಗೆ ಒಬ್ಬರು ಹೇಳಿದ ಮಾತು ನಾನು ಸಾಯುವವರೆಗೂ ಮರೆಯಲ್ಲ: "ಮೇಡಂ, ಮೊದಲು ಮನೇಲಿ ಕೂತು ಮಾತಾಡಿ, ಯಾರಿಂದ ಬಂತು ಅಂತ ಗೊತ್ತಾಗುತ್ತೆ." ರಕ್ತ ತೆಗೆಯುವವರು ನನ್ನ ಸಂಸಾರದ ಬಗ್ಗೆ ಮಾತಾಡುತ್ತಾರೆ! ಏನೂ ಹೇಳಲಾಗದೆ ಫೋನ್ ಇಟ್ಟೆ. ಅದಕ್ಕೂ ನನ್ನ ಮೇಲೇ ಸಿಟ್ಟು.

ಆಮೇಲೆ ಚರ್ಮ ಮತ್ತು ಲೈಂಗಿಕ ರೋಗದ ಡಾಕ್ಟರ್ ಒಬ್ಬರ ಹತ್ತಿರ ಹೋದೆ. ಅವರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು ಸಂಖ್ಯೆ ಎಷ್ಟು ಅಂತ. ಪಾಸಿಟಿವ್ ಅನ್ನುವ ಪದವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. 1.1 ರಿಂದ 3 ರ ಒಳಗಿನ ಸಂಖ್ಯೆಯಲ್ಲಿ ಸುಳ್ಳು ಪಾಸಿಟಿವ್ ತುಂಬಾ ಬರುತ್ತದಂತೆ. ಬೇರೆ ಯಾವುದೋ ಪ್ರತಿಕಾಯ ಕಿಟ್‌ಗೆ ಅಂಟಿಕೊಂಡರೂ ಅದು ಪಾಸಿಟಿವ್ ಅನ್ನುತ್ತದೆ. ಅದೇ ಕಿಟ್‌ನಲ್ಲಿ ಹತ್ತು ಸಲ ಮಾಡಿದರೂ ಅದೇ ತಪ್ಪು ಬರಬಹುದು. ನನಗೆ ಆಗಿದ್ದೂ ಅದೇ. ಐಜಿಎಂ ಅಂತೂ ಸುಮ್ಮನೆ ದಂಡ, ಅದರಿಂದ ಹೊಸದಾ ಹಳೆಯದಾ ಅಂತ ಹೇಳಲು ಆಗುವುದಿಲ್ಲ, ಅದನ್ನು ಮಾಡಿಸಲೇಬಾರದು ಅಂದರು.

ಇದೇನು ಗುಟ್ಟಿನ ವಿಷಯವೂ ಅಲ್ಲ! ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021 ರ ಮಾರ್ಗಸೂಚಿಯಲ್ಲೇ ಇದನ್ನು ಬರೆದಿದೆ, ಬೇರೆ ವಿಧಾನದ ಎರಡನೇ ಪರೀಕ್ಷೆ ಮಾಡಬೇಕು ಅಂತ. 2023 ರಲ್ಲಿ ಅಲ್ಲಿನ ಔಷಧ, ಪರೀಕ್ಷಾ ಕಿಟ್‌ಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಳ್ಳು ಪಾಸಿಟಿವ್ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿದೆ. ಲಕ್ಷಣ ಇಲ್ಲದವರಿಗೆ ಈ ರಕ್ತಪರೀಕ್ಷೆ ಮಾಡಲೇಬೇಡಿ ಅಂತ ಅಲ್ಲಿನ ತಜ್ಞರ ಸಮಿತಿ 2016 ರಲ್ಲೂ ಹೇಳಿದೆ, 2023 ರಲ್ಲೂ ಹೇಳಿದೆ. ದಿನಾ ಪರೀಕ್ಷೆ ಮಾಡುವ ಲ್ಯಾಬ್‌ಗೆ ಇದು ಗೊತ್ತಿಲ್ಲವಾ? ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ನಿಜವಾದ ಖಚಿತ ಪರೀಕ್ಷೆ ಅಂದರೆ ವೆಸ್ಟರ್ನ್ ಬ್ಲಾಟ್. ವೈರಸ್‌ನ ಪ್ರೋಟೀನ್‌ಗಳನ್ನು ಬೇರೆ ಬೇರೆ ಮಾಡಿ, ನಮ್ಮ ರಕ್ತ ಯಾವುದಕ್ಕೆ ಅಂಟುತ್ತದೆ ಅಂತ ನೋಡುತ್ತಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಇದಕ್ಕೆ ಹೆಸರಾದದ್ದು. ಡಾಕ್ಟರ್ ಮೂಲಕವೇ ಸ್ಯಾಂಪಲ್ ಕಳಿಸಿದೆವು. ಕಾದ ದಿನಗಳ ಬಗ್ಗೆ ಏನು ಹೇಳಲಿ. ಬಂದ ಉತ್ತರ: ಎಚ್‌ಎಸ್‌ವಿ-2 ನೆಗೆಟಿವ್. ಎಚ್‌ಎಸ್‌ವಿ-1 ಪಾಸಿಟಿವ್, ಅದು ಹೆಚ್ಚಾಗಿ ಬಾಯಿಯ ಸುತ್ತ ಗುಳ್ಳೆ ತರುವಂಥದ್ದು. ಚಿಕ್ಕಂದಿನಲ್ಲೇ ಬಂದಿರಬಹುದು ಅಂದರು ಡಾಕ್ಟರ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಿಗೆ ಅದು ಇದೆ.

ಎಲ್ಲ ಪಾಸಿಟಿವ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಂಖ್ಯೆ ಜಾಸ್ತಿ ಇದ್ದರೆ ಅದು ನಿಜ ಇರುವ ಸಾಧ್ಯತೆಯೇ ಜಾಸ್ತಿ. ಹುಣ್ಣು, ಗುಳ್ಳೆ ಇದ್ದರೆ ರಕ್ತ ಬಿಡಿ, ವಾಸಿಯಾಗುವ ಮೊದಲೇ ಅದರಿಂದಲೇ ಸ್ವಾಬ್ ತೆಗೆಸಿ ಪಿಸಿಆರ್ ಮಾಡಿಸಿ. ಸಂಪರ್ಕ ಆಗಿ 12 ವಾರ ಆಗದೆ ರಕ್ತಪರೀಕ್ಷೆಯ ನೆಗೆಟಿವ್ ಕೂಡ ನಂಬಬೇಡಿ. ಕನ್ಫರ್ಮೇಟರಿ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟುವ ಮೊದಲು ವಿಧಾನದ ಹೆಸರು ಬರೆದು ಕಳಿಸಲು ಹೇಳಿ. ಬರೆದು ಕೊಡದಿದ್ದರೆ ಎದ್ದು ಬನ್ನಿ. ಮತ್ತೆ, ನಿಜವಾಗಿಯೂ ಹರ್ಪಿಸ್ ಇದ್ದವರು ಇದನ್ನು ಓದುತ್ತಿದ್ದರೆ, ನಿಮ್ಮನ್ನು ಕೀಳು ಮಾಡಿ ಬರೆಯುತ್ತಿಲ್ಲ. ನನ್ನ ಸಿಟ್ಟು ಕಾಯಿಲೆಯ ಮೇಲಲ್ಲ, ಸುಳ್ಳು ಹೇಳಿ ಮಾರಿದವರ ಮೇಲೆ.

ಗಂಡನ ಹತ್ತಿರ ಕ್ಷಮೆ ಕೇಳಿದೆ. "ಹೋಗಲಿ ಬಿಡು" ಅಂದರು. ಆದರೆ ಆ ರಾತ್ರಿ ನಾನಾಡಿದ ಮಾತು ಇಬ್ಬರಿಗೂ ನೆನಪಿದೆ.

ನಿನ್ನೆ ಮತ್ತೆ ಹುಡುಕಿ ನೋಡಿದೆ. ಅವರ ಚೆಕಪ್ ಪ್ಯಾಕೇಜ್‌ನಲ್ಲಿ ಆ ಪರೀಕ್ಷೆ ಇನ್ನೂ ಇದೆ. ಅದರ ಕೆಳಗೆ ಕನ್ಫರ್ಮೇಟರಿ ಅಂತ ಇನ್ನೊಂದೂ ಇದೆ, ಅದೇ ಹೆಸರಿನಲ್ಲಿ.