ಕಾರು ಒರೆಸುವ ಮೈಕ್ರೋಫೈಬರ್ ಟವೆಲ್: ಆರು ತಿಂಗಳ ಬಳಕೆಯ ನಂತರ

ಹತ್ತಿ ಗಿರಣಿಗಳಿಂದ ಹೆಸರು ಪಡೆದ ದಾವಣಗೆರೆಯಲ್ಲಿ ನಾನೂ ಕಾರು ಒರೆಸಲು ಹಳೆಯ ಹತ್ತಿ ಟವೆಲನ್ನೇ ಬಳಸುತ್ತಿದ್ದೆ, ಕಪ್ಪು ಬಣ್ಣದ ಮೇಲೆ ಸುರುಳಿಯಂಥ ಸಣ್ಣ ಗೀರುಗಳು ಬಿಸಿಲಿನಲ್ಲಿ ಎದ್ದು ಕಾಣುವವರೆಗೆ. ಆಮೇಲೆ ಪಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ 60×90 ಸೆಂ.ಮೀ. ಅಳತೆಯ, ಚದರ ಮೀಟರಿಗೆ 800 ಗ್ರಾಂ ತೂಕದ, ತಿರುಚಿದ ಎಳೆಗಳ ಮೈಕ್ರೋಫೈಬರ್ (ಮುಖ್ಯವಾಗಿ ಪಾಲಿಯೆಸ್ಟರಿನ ಅತಿ ಸಣ್ಣ ಎಳೆಗಳಿಂದ ಮಾಡಿದ) ಟವೆಲ್ ಕೊಂಡೆ.

ನಮ್ಮ ಮನೆಯ ಕೊಳವೆಬಾವಿಯ ನೀರು ಗಡಸು. ಕಾರಿನ ಮೇಲೆ ತಾನಾಗಿ ಆರಲು ಬಿಟ್ಟರೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಕಲೆಗಳಾಗಿ ಗಾಜಿನ ಮೇಲೂ ಬಣ್ಣದ ಮೇಲೂ ಕೂರುತ್ತವೆ. ಈ ಟವೆಲನ್ನು ಬಾನೆಟ್ ಮೇಲೆ ಹಾಸಿ, ಒತ್ತದೆ ಮೆಲ್ಲಗೆ ಎಳೆದರೆ ಸಾಕು, ನಿಂತ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಇಡೀ ಕಾರು ಒರೆಸಿ ಮುಗಿಸುವವರೆಗೆ ಹಿಂಡುವ ಅಗತ್ಯ ಬೀಳಲಿಲ್ಲ. ಆದರೆ ನೆನೆದಾಗ ಬಹಳ ಭಾರವಾಗುತ್ತದೆ. ಅಂಚಿನ ಹೊಲಿಗೆಯೂ ಒರಟು, ಆದ್ದರಿಂದ ಕೊಳ್ಳುವ ಮುನ್ನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಲೇಬೇಕು.

ಇಂಥ ಟವೆಲ್ ಹಾಳಾಗುವುದು ಹೆಚ್ಚಾಗಿ ಒಗೆಯುವಾಗಲೇ. ಫ್ಯಾಬ್ರಿಕ್ ಕಂಡಿಷನರ್ ಎಳೆಗಳ ಮೇಲೆ ಪದರ ಕಟ್ಟಿ ಹೀರುವ ಗುಣವನ್ನು ಕುಗ್ಗಿಸುತ್ತದೆ. ಹತ್ತಿ ಬಟ್ಟೆಯೊಡನೆ ಒಗೆದರೆ ಅದರ ಎಳೆಗಳು ಅಂಟಿಕೊಳ್ಳುತ್ತವೆ. ಇಸ್ತ್ರಿಯ ಶಾಖಕ್ಕೆ ಪಾಲಿಯೆಸ್ಟರ್ ಎಳೆಗಳು ಕರಗಿ ಗಟ್ಟಿಯಾಗುತ್ತವೆ. ಸ್ವಲ್ಪವೇ ದ್ರವ ಡಿಟರ್ಜೆಂಟ್ ಹಾಕಿ, ಬೇರೆಯಾಗಿ ಒಗೆದು, ನೆರಳಿನಲ್ಲಿ ಒಣಗಿಸಿ ಮುಚ್ಚಿದ ಡಬ್ಬಿಯಲ್ಲಿಡುತ್ತೇನೆ. ನೆಲಕ್ಕೆ ಬಿದ್ದ ಟವೆಲನ್ನು ಮಾತ್ರ ಒಗೆಯದೆ ಮತ್ತೆ ಬಣ್ಣಕ್ಕೆ ತಾಗಿಸಬೇಡಿ.