ಬೆಂಗಳೂರಿನ ದೊಡ್ಡ ಪೇಜಾ, ನಮ್ಮೂರ ಸಣ್ಣ ಪೇಜಾ? ನನ್ನ ದುಡ್ಡು ವಸೂಲಾಗಿದ್ದು ಇಲ್ಲಿ

ಗಿರಾಕಿ ಅಂಗಡಿ ಬಾಗಿಲಿಗೇ ಬಂದು ಕೊಳ್ಳುವ ವ್ಯಾಪಾರ ನಿಮ್ಮದಾಗಿದ್ದರೆ, ಜಾಹೀರಾತಿಗೆ ನಿಮ್ಮೂರಿನ ಇನ್‌ಸ್ಟಾಗ್ರಾಮ್ ಪೇಜಿಗೇ ದುಡ್ಡು ಕೊಡಿ. ಫಾಲೋವರ್ಸ್ ಕಮ್ಮಿ ಇದ್ದರೂ ಪರವಾಗಿಲ್ಲ. ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದು ಖಡಕ್ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆಯ ಸಣ್ಣ ಅಂಗಡಿ. ಬೆಂಗಳೂರಿನ ಒಂದು ದೊಡ್ಡ ಫುಡ್ ಪೇಜು, ನಮ್ಮೂರ ಹುಡುಗನೊಬ್ಬನ ಪೇಜು, ಎರಡರಲ್ಲೂ ರೀಲ್ಸ್ ಮಾಡಿಸಿ ನೋಡಿದ್ದೇನೆ.

ದೊಡ್ಡ ಪೇಜಿನವರ ವಿಡಿಯೊ ಚೆನ್ನಾಗಿತ್ತು. ರೊಟ್ಟಿ ಮುರಿಯುವ ಸದ್ದು ಕೇಳಿದರೆ ಬಾಯಲ್ಲಿ ನೀರು ಬರಬೇಕು, ಹಾಗೆ ತೆಗೆದಿದ್ದರು. ನೋಡಿದವರೂ ತುಂಬಾ ಜನ. ಆದರೆ ಕಾಮೆಂಟ್‌ನಲ್ಲಿ ಬರೀ "ಬೆಂಗಳೂರಲ್ಲಿ ಬ್ರಾಂಚ್ ಇದೆಯಾ?", "ಮೈಸೂರಿಗೆ ಕಳಿಸ್ತೀರಾ?" ಇವೇ. ನನಗೆ ಕೊರಿಯರ್ ವ್ಯವಸ್ಥೆ ಇಲ್ಲ.

ಅದನ್ನಾದರೂ ಸಹಿಸಬಹುದಿತ್ತು. ಬೆಲೆಯದೇ ದೊಡ್ಡ ತಲೆನೋವಾಯಿತು. ನಮ್ಮ ಶೇಂಗಾ ಚಟ್ನಿಪುಡಿ ಕಾಲು ಕೆಜಿಗೆ ₹100. ಅವರಿಗೆ ವಾಟ್ಸಾಪ್‌ನಲ್ಲಿ ಹಾಗೇ ಬರೆದು ಕಳಿಸಿದ್ದೆ. ವಿಡಿಯೊ ಮೇಲೆ ದಪ್ಪ ಹಳದಿ ಅಕ್ಷರದಲ್ಲಿ ಬಂದದ್ದು "ಕೆಜಿಗೆ ಬರೀ ₹100". ಶೇಂಗಾ ಬೀಜದ ರೇಟೇ ಅದಕ್ಕಿಂತ ಜಾಸ್ತಿ ಅಲ್ವಾ!

ಫೋನ್ ಮಾಡಿದರೆ, ಕ್ಯಾಪ್ಶನ್, ಅಂದರೆ ವಿಡಿಯೊ ಕೆಳಗಿನ ಬರಹ, ತಿದ್ದುತ್ತೇವೆ ಅಂದರು, ತಿದ್ದಿದರು ಕೂಡ. ಆದರೆ ಕ್ಯಾಪ್ಶನ್ ಓದುವವರು ಯಾರು? ಇನ್‌ಸ್ಟಾಗ್ರಾಮ್‌ನಲ್ಲಿ ಒಮ್ಮೆ ಹಾಕಿದ ರೀಲ್ಸ್‌ನ ಕ್ಯಾಪ್ಶನ್ ಬದಲಾಯಿಸಬಹುದು, ವಿಡಿಯೊ ಮೇಲಿನ ಅಕ್ಷರ ಬದಲಾಯಿಸಲು ಬರುವುದಿಲ್ಲ. ಡಿಲೀಟ್ ಮಾಡಿ ಹೊಸದಾಗಿ ಹಾಕಬೇಕು. ಹಾಗೆ ಮಾಡಿದರೆ ವ್ಯೂಸ್ ಎಲ್ಲಾ ಹೋಗುತ್ತವೆ ಅಂತ ಅವರು ಒಪ್ಪಲೇ ಇಲ್ಲ.

ಅಲ್ಲಿಂದ ಶುರುವಾಯಿತು. "ರೀಲ್ಸಾಗೆ ಕೆಜಿಗೆ ನೂರು ಅಂತ ಐತಲ್ರೀ ಅಕ್ಕ" ಅಂತ ಮೊಬೈಲ್ ಮುಂದೆ ಹಿಡಿಯುವರು. ಹರಿಹರದಿಂದ ಬಸ್ ಹತ್ತಿ ಬಂದ ಅಜ್ಜಿಯೊಬ್ಬರು ಬೆಲೆ ಕೇಳಿ, ಚೀಲ ಮಡಚಿಕೊಂಡು ವಾಪಸ್ ಹೊರಟರು. ನಾನೇ ಕೂಗಿ ಕರೆದು ಒಂದು ಪ್ಯಾಕೆಟ್ ಕೈಗಿಟ್ಟೆ. ತಪ್ಪು ಅವರದೂ ಅಲ್ಲ, ನನ್ನದೂ ಅಲ್ಲ. ಆದರೆ ಮೋಸಗಾರಳು ಅನ್ನುವ ಹಾಗೆ ಜನ ನೋಡಿದ್ದು ನನ್ನನ್ನು. ಆ ಬೇಸರ ಇನ್ನೂ ಹೋಗಿಲ್ಲ.

ನಮ್ಮೂರ ಹುಡುಗ ಎಡಿಟ್ ಮುಗಿಸಿದ ವಿಡಿಯೊ ಮೊದಲು ನನಗೆ ಕಳಿಸಿದ. ಬೆಲೆ, ಫೋನ್ ನಂಬರ್ ಎಲ್ಲಾ ನೋಡಿ ನಾನು ಹೂಂ ಅಂದ ಮೇಲೇ ಹಾಕಿದ. ಇಬ್ಬರ ಹೆಸರಲ್ಲೂ ಹಾಕುವ ಕೊಲ್ಯಾಬ್ ಪೋಸ್ಟ್ ಮಾಡಿದ್ದರಿಂದ ಅದೇ ರೀಲ್ಸ್ ನನ್ನ ಪೇಜಿನಲ್ಲೂ ಉಳಿದಿದೆ. ಮಾತುಕತೆಯ ದಿನವೇ ಇನ್‌ಸೈಟ್ಸ್ (ಪೇಜಿನ ಅಂಕಿಅಂಶ) ತೆರೆದು, ಫಾಲೋವರ್ಸ್ ಯಾವ ಯಾವ ಊರಿನವರು ಅಂತ ತೋರಿಸಿದ್ದ. ದಾವಣಗೆರೆಯೇ ಮೇಲಿತ್ತು, ಹರಿಹರವೂ ಇತ್ತು. ನೀವೂ ಇದನ್ನು ಕೇಳಿ, ಅವರ ಮೊಬೈಲ್‌ನಲ್ಲೇ ನೋಡಿ. ಸ್ಕ್ರೀನ್‌ಶಾಟ್ ಸಾಲದು.

ವಿಡಿಯೊ ಅಷ್ಟೇನೂ ನುಣುಪಾಗಿರಲಿಲ್ಲ, ಹಿಂದೆ ಆಟೋ ಹಾರ್ನ್ ಕೇಳುತ್ತದೆ. ಆದರೂ ಆ ವಾರ ಸಂಜೆ ಹಾಸ್ಟೆಲ್ ಹುಡುಗರು ಗುಂಪು ಗುಂಪಾಗಿ ಬಂದರು. ಕೆಲವರು ಈಗ ಊರಿಗೆ ಹೋಗುವಾಗ ಮನೆಗೂ ರೊಟ್ಟಿ ಕಟ್ಟಿಸಿಕೊಳ್ಳುತ್ತಾರೆ.

ದುಡ್ಡಿನ ಲೆಕ್ಕ: ದೊಡ್ಡ ಪೇಜಿನವರಿಗೆ ₹20,000, ನಮ್ಮೂರ ಹುಡುಗನಿಗೆ ₹3,000.

ತಿಂಡಿ ಫ್ರೀ ಕೊಟ್ಟರೆ ಸಾಕು ಅನ್ನುವವರೂ ಬರುತ್ತಾರೆ. ತಿಂದು ಹೋಗಿ ಒಂದು ಸ್ಟೋರಿ ಹಾಕುತ್ತಾರೆ, 24 ಗಂಟೆಗೆ ಅದು ಮಾಯ. ನನಗೆ ಬೇಡ.

ಇನ್ನೊಂದು ವಿಷಯದಲ್ಲಿ ನಾನು ಗಟ್ಟಿ. ದುಡ್ಡು ಕೊಟ್ಟು ಮಾಡಿಸಿದ್ದನ್ನು ಜಾಹೀರಾತು ಅಂತ ಕಾಣುವ ಹಾಗೆ ಹಾಕಲೇಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಇದನ್ನು ಸ್ಪಷ್ಟಪಡಿಸಿದೆ. ಫ್ರೀ ತಿಂಡಿ ಕೊಟ್ಟರೂ ಇದೇ ನಿಯಮ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ₹10 ಲಕ್ಷದವರೆಗೆ ದಂಡ ಇದೆ, ಪ್ರಚಾರ ಮಾಡಿದವರಿಗೂ ಬೀಳಬಹುದು. ನಮ್ಮ ಹುಡುಗ ಮೊದಲು "ರೀಚ್ ಕಮ್ಮಿ ಆಗುತ್ತೆ ಅಕ್ಕ" ಅಂದ, ಹೇಳಿದ ಮೇಲೆ ಹಾಕಿದ. ಬರುವವರೇನೂ ಬರದೇ ಇರಲಿಲ್ಲ.

ಕೊರಿಯರ್‌ನಲ್ಲಿ ಮಾಲು ಕಳಿಸುವವರಿಗೆ ದೊಡ್ಡ ಪೇಜು ಒಗ್ಗಬಹುದು. ಬೆಲೆ ಮಾತ್ರ ಹಾಕುವ ಮೊದಲೇ ಕಣ್ಣಾರೆ ನೋಡಿಕೊಳ್ಳಿ, ಪೂರ್ತಿ ದುಡ್ಡು ಆಮೇಲೆ ಕೊಡಿ. ನಾನಂತೂ ದೀಪಾವಳಿಗೆ ಶೇಂಗಾ ಹೋಳಿಗೆಯ ರೀಲ್ಸ್ ಇದೇ ಹುಡುಗನಿಗೆ ಹೇಳಿದ್ದೇನೆ.