ಫ್ಯಾನ್ ಫಿಕ್ಷನ್ನೋ, ಸ್ವಂತ ಕಥೆಯೋ: ಕೈ ಪಳಗಲು ಯಾವುದು?

ಬರೆಯುವ ಆಸೆಯಿದೆ, ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಫ್ಯಾನ್ ಫಿಕ್ಷನ್, ಅಂದರೆ ಇನ್ನೊಬ್ಬರ ಕೃತಿಯ ಪಾತ್ರಗಳನ್ನಿಟ್ಟು ಅಭಿಮಾನಿಗಳು ಬರೆಯುವ ಹೊಸ ಕಥೆ.

ಸ್ವಂತ ಕಥೆಗೆ ಕೂತರೆ ಪಾತ್ರದ ಹೆಸರು, ಊರು, ಮನೆತನ ಎಲ್ಲವನ್ನೂ ನೀವೇ ಕಟ್ಟಬೇಕು. ಎಷ್ಟೋ ಜನರ ಹುರುಪು ಅಲ್ಲಿಗೇ ಇಳಿದುಹೋಗುತ್ತದೆ. ಫ್ಯಾನ್ ಫಿಕ್ಷನ್‌ನಲ್ಲಿ ಪಾತ್ರ ಓದುಗರಿಗೆ ಆಗಲೇ ಗೊತ್ತು. ಷರ್ಲಾಕ್ ಹೋಮ್ಸ್ ಮತ್ತು ವಾಟ್ಸನ್ ಮಳೆಗೆ ಸಿಕ್ಕಿಕೊಂಡು ಹಳ್ಳಿಯ ಛತ್ರವೊಂದರಲ್ಲಿ ರಾತ್ರಿ ಕಳೆಯುವುದನ್ನು ಬರೆದು ನೋಡಿ. ವಾಟ್ಸನ್ ಬಾಯಲ್ಲಿ ಹೋಮ್ಸ್‌ನ ಧಾಟಿ ಬಂದರೆ ಓದುವವರು ತಕ್ಷಣ ಹಿಡಿಯುತ್ತಾರೆ. ಸಂಭಾಷಣೆಗೆ ಇದಕ್ಕಿಂತ ಒಳ್ಳೆಯ ತಾಲೀಮು ನಾನು ಕಂಡಿಲ್ಲ.

ಇನ್ನೊಬ್ಬರ ಪಾತ್ರ ಎತ್ತಿಕೊಳ್ಳುವುದು ಕೀಳು ಎಂಬ ಅಳುಕು ಬೇಡ. 10ನೇ ಶತಮಾನದಲ್ಲಿ ನಮ್ಮ ಪಂಪ ವ್ಯಾಸರ ಕಥೆಯನ್ನೇ ಎತ್ತಿಕೊಂಡು ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ. ತನ್ನ ದೊರೆ ಅರಿಕೇಸರಿಯನ್ನು ಆ ಅರ್ಜುನನಲ್ಲೇ ಕಂಡ. ಈಚಿನ ಮಾತಾದರೆ, ಅಂತರ್ಜಾಲದ ಫ್ಯಾನ್ ಫಿಕ್ಷನ್ ಭಂಡಾರವಾದ ‘ಆರ್ಕೈವ್ ಆಫ್ ಅವರ್ ಓನ್’ಗೆ 2019ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿಯೇ ಬಂತು.

ಆದರೆ ಗುರುತಿಲ್ಲದ ಒಬ್ಬಳನ್ನು ನಾಲ್ಕು ಸಾಲಿನಲ್ಲಿ ಓದುಗರ ಮನಸ್ಸಿಗೆ ಇಳಿಸುವ ವಿದ್ಯೆ ಇದರಿಂದ ಬರುವುದಿಲ್ಲ. ಅದಕ್ಕೆ ಸ್ವಂತ ಕಥೆಯೇ ಬೇಕು. ದುಡ್ಡಿನ ವಿಷಯದಲ್ಲೂ ಅಷ್ಟೇ: ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಅಂಥ ಕೃತಿಯ ಪಾತ್ರಗಳನ್ನಿಟ್ಟು ಬರೆದದ್ದನ್ನು ಅನುಮತಿಯಿಲ್ಲದೆ ಮಾರಲು ಹೋಗಬೇಡಿ.

ಪುಸ್ತಕ ತರುವುದೇ ಗುರಿಯೆಂದಾದರೆ ಹತ್ತು ಫ್ಯಾನ್ ಕಥೆ ಬರೆದು, ಹನ್ನೊಂದನೆಯದಕ್ಕೆ ನಿಮ್ಮದೇ ಬೀದಿಯನ್ನು ತನ್ನಿ.